ಗುರುವಾರದ ತನಕ ಇಳಿಯಬಾರದ ಬಾವು

ಹೊಸಪೇಟೆಯ ಚಪ್ಪರದಹಳ್ಳಿಯಲ್ಲಿರುವ ನಮ್ಮ ಓಣಿಗೆ ಹೊಸದಾಗಿ ಬಾಡಿಗೆಗೆ ಬಂದವರಿಗೆ ಮೊದಲು ವೆಂಕೋಬರಾಯರ ಹಲ್ಲುಗಳ ಪರಿಚಯವಾಗುತ್ತಿತ್ತು, ಆಮೇಲೆ ರಾಯರದು. ಬೆಳಗಾಗುತ್ತಲೇ ಅವರು ಬೇವಿನ ಕಡ್ಡಿ ಹಿಡಿದು ಮನೆಯ ಮುಂದಿನ ಕಟ್ಟೆಯ ಮೇಲೆ ಕೂರುವರು. ಕಡ್ಡಿ ಬಾಯಲ್ಲಿದ್ದಾಗ ಹಲ್ಲು ತಿಕ್ಕುವುದು, ಕಡ್ಡಿ ಕೈಯಲ್ಲಿದ್ದಾಗ ಉಪದೇಶ. ನೀರಾವರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ರಾಯರಿಗೆ ಐವತ್ತು ಹತ್ತಿರ ಬಂದಿದ್ದರೂ ಒಂದು ಹಲ್ಲೂ ಬಿದ್ದಿರಲಿಲ್ಲ. ಇದನ್ನು ಅವರು ದೇವರ ದಯೆ ಎಂದು ತಿಳಿದಿದ್ದರೆ ಯಾವ ತೊಂದರೆಯೂ ಇರುತ್ತಿರಲಿಲ್ಲ. ತಮ್ಮ ಸಾಧನೆ ಎಂದು ತಿಳಿದಿದ್ದರು.

"ಹಲ್ಲಿನ ಡಾಕ್ಟ್ರು ಯಾಕ ಅದಾರ ಹೇಳು ನೋಡೋಣ" ಎಂದು ಅವರು ಎದುರು ಮನೆಯ ಹೊನ್ನೂರುಸ್ವಾಮಿಯನ್ನು ಕೇಳುವರು. "ನಿನ್ನಂಥವರು ಅದೀರಿ ಅಂತ ಅವರು ಅದಾರ. ನನ್ನಂಥವರಷ್ಟೇ ಇದ್ದಿದ್ರ ಅವರು ಯಾವಾಗೋ ಅಂಗಡಿ ಮುಚ್ಚಿ ಹೋಗ್ತಿದ್ರು."

ಹೊನ್ನೂರುಸ್ವಾಮಿ ಸಂಡೂರಿನ ಗಣಿಯಿಂದ ಅದಿರು ಸಾಗಿಸುವ ಟಿಪ್ಪರ್ ಓಡಿಸುತ್ತಿದ್ದ. ಎದ್ದಾಗಿನಿಂದ ಮಲಗುವ ತನಕ ಅವನ ಬಾಯಲ್ಲಿ ಗುಟ್ಕಾ ಇರಬೇಕು. ಯಾರಾದರೂ ಮಾತಾಡಿಸಿದರೆ ರಸ ಚೆಲ್ಲದಂತೆ ಗದ್ದ ಮೇಲೆತ್ತಿ, ಆಕಾಶಕ್ಕೆ ಉತ್ತರ ಕೊಡುತ್ತಿದ್ದ. ರಾಯರಿಗೂ ಹಾಗೇ "ಹ್ಞೂಂ ರಾಯರ" ಎಂದು ಆಕಾಶಕ್ಕೆ ಹೇಳಿ ಹೊರಟುಬಿಡುತ್ತಿದ್ದ. ಅವನಿಗೆ ರಾಯರ ಮೇಲೆ ಸಿಟ್ಟಿರಲಿಲ್ಲ. ತನ್ನ ಹಲ್ಲಿನ ಬಗ್ಗೆ ಲೋಕದಲ್ಲಿ ಒಬ್ಬರಾದರೂ ಯೋಚಿಸುತ್ತಾರಲ್ಲ ಎಂದು ಒಳಗೊಳಗೇ ಸಮಾಧಾನವೂ ಇತ್ತಂತೆ.

ಹೀಗಿರುವಾಗ ರಾಯರ ಎಡ ದವಡೆಯ ಕಟ್ಟಕಡೆಯಲ್ಲಿ, ಬೇವಿನ ಕಡ್ಡಿ ಮುಟ್ಟದ ಮೂಲೆಯಲ್ಲಿ, ನೋವು ಶುರುವಾಯಿತು. ಅವರು ಯಾರಿಗೂ ಹೇಳದೆ ಲವಂಗ ಇಟ್ಟುಕೊಂಡರು. ಒಂದು ಲವಂಗ ಸಾಲದೆ ಲವಂಗದ ಪುಡಿಯನ್ನು ಸಣ್ಣ ಪೊಟ್ಟಣಗಳಲ್ಲಿ ಕಟ್ಟಿಸಿಕೊಂಡರು. ಕಚೇರಿಗೆ ಹೋಗುವಾಗ ಅತ್ತ ಇತ್ತ ನೋಡಿ ಪೊಟ್ಟಣ ಹರಿದು ದವಡೆಗೆ ಸುರಿದುಕೊಳ್ಳುವರು. ಎರಡು ತಿಂಗಳು ಹೀಗೇ ನಡೆಯಿತು. ಒಂದು ಬೆಳಿಗ್ಗೆ ಉಪ್ಪಿಟ್ಟಿನ ಮುಂದೆ ಕೂತು ಗಂಡ ಮಕ್ಕಳಂತೆ ಅತ್ತದ್ದನ್ನು ನೋಡಿದ ಮೇಲೆ ಹೆಂಡತಿ ಶ್ರೀಲಕ್ಷ್ಮೀಯವರು ಮಾತು ಮುಗಿಸಿಬಿಟ್ಟರು.

"ನಾಳೆ ಬಳ್ಳಾರಿಗೆ ಹೋಗೋಣ. ಇಲ್ಲೇ ತೋರಿಸಿದ್ರ ಯಾರರ ನೋಡ್ತಾರ ಅಂತೀರಿ, ಅಲ್ಲಿ ಯಾರು ನೋಡ್ತಾರ?"

"ಯಾರಿಗೂ ಹಲ್ಲು ಅಂತ ಹೇಳಬಾರದು" ಎಂದರು ರಾಯರು.

"ಹಲ್ಲು ಅಂತ ಹೇಳೂದಿಲ್ಲ. ಆದ್ರ ನನ್ನ ಕೈಲೆ ಸುಳ್ಳ ಹೇಳಸಬ್ಯಾಡ್ರಿ."

ಹಲ್ಲು ಅನ್ನಬಾರದು, ಸುಳ್ಳೂ ಹೇಳಬಾರದು. ಮುಂದಾದ ಅನಾಹುತಕ್ಕೆಲ್ಲ ಈ ಎರಡು ನಿಯಮಗಳೇ ಮೂಲ.

ಬಳ್ಳಾರಿಯ ದವಾಖಾನೆಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಕ್ಸ್-ರೇ ತೋರಿಸಿ, "ಇದು ನಿಮ್ಮ ಬುದ್ಧಿಹಲ್ಲು ಸರ್. ಅಡ್ಡ ಮಲಗಿದೆ, ಪಕ್ಕದ ಹಲ್ಲನ್ನ ಒದೀತಾ ಇದೆ. ತೆಗೀಲೇಬೇಕು" ಎಂದರು.

"ತೆಗೆದದ್ದು ಹೊರಗ ಕಾಣ್ತದೇನ್ರಿ?" ರಾಯರು ಕೇಳಿದ ಮೊದಲ ಪ್ರಶ್ನೆ ಅದು.

"ಹಲ್ಲು ಹೋಗಿದ್ದು ಕಾಣಲ್ಲ. ನಾಲ್ಕೈದು ದಿನ ಬಾವು ಮಾತ್ರ ಕಾಣುತ್ತೆ."

ಆ ಹಲ್ಲು ಸುಲಭಕ್ಕೆ ಬರಲಿಲ್ಲ. ಒಸಡು ಕೊಯ್ದು, ಹಲ್ಲನ್ನು ತುಂಡು ಮಾಡಿ, ತುಂಡುತುಂಡಾಗಿಯೇ ಹೊರಗೆ ತಂದರು. ಹೊಲಿಗೆ ಹಾಕಿ, ಗಾಯದ ಮೇಲೆ ಹತ್ತಿಯ ಉಂಡೆಯಿಟ್ಟು, ಕಚ್ಚಿ ಹಿಡಿಯಲು ಹೇಳಿದರು. ಇವತ್ತು ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ಬಿಸಿ ತಿನ್ನಬಾರದು, ಹೆಚ್ಚು ಮಾತಾಡಬಾರದು. ಮುಂದಿನ ಗುರುವಾರ ಬಂದರೆ ಹೊಲಿಗೆ ಬಿಚ್ಚುತ್ತೇನೆ ಎಂದರು.

ಆ ಕಟ್ಟಡದ ಮೊದಲ ಮಹಡಿಯಲ್ಲಿ ಹಲ್ಲಿನ ದವಾಖಾನೆ. ಅದರ ಬೋರ್ಡು ಬೇವಿನ ಮರದ ಕೊಂಬೆಯ ಹಿಂದೆ ಅಡಗಿತ್ತು. ಎರಡನೆಯ ಮಹಡಿಯಲ್ಲಿ ವಾರಕ್ಕೊಮ್ಮೆ ಪರವೂರಿನಿಂದ ಬರುವ ದೊಡ್ಡ ಡಾಕ್ಟರು. ಅವರ ಬೋರ್ಡು ಮಾತ್ರ ಕೆಂಪಕ್ಷರದಲ್ಲಿ ರಸ್ತೆಯ ತುದಿಗೂ ಕಾಣುತ್ತಿತ್ತು: ಬಾಯಿ ಮತ್ತು ಗಂಟಲು ಕ್ಯಾನ್ಸರ್ ತಜ್ಞರು, ಪ್ರತಿ ಗುರುವಾರ.

ಅಂದು ಗುರುವಾರ. ಮುಖಕ್ಕೆ ಶಲ್ಯ ಸುತ್ತಿಕೊಂಡು, ಹೆಂಡತಿಯ ಭುಜ ಹಿಡಿದು, ರಾಯರು ಮೆಟ್ಟಿಲಿಳಿದು ರಸ್ತೆಗೆ ಬರುತ್ತಲೇ ಎದುರಿನ ಚಹಾದಂಗಡಿಯಿಂದ ಹೊನ್ನೂರುಸ್ವಾಮಿ ಎದ್ದು ಬಂದ. ಟಿಪ್ಪರಿನ ಟೈರು ಕೊಳ್ಳಲು ಬಂದಿದ್ದನಂತೆ. ಅವನು ರಾಯರನ್ನು ನೋಡಿದ. ಶಲ್ಯದ ಮೇಲಿನ ರಕ್ತದ ಕಲೆ ನೋಡಿದ. ಆಮೇಲೆ ಕತ್ತೆತ್ತಿ ಬೋರ್ಡು ನೋಡಿದ.

"ಏನಾತ್ರಿ ರಾಯರ?"

ರಾಯರಿಗೆ ಬಾಯಿ ತೆರೆಯುವಂತಿರಲಿಲ್ಲ. ಏನಿಲ್ಲ ಹೋಗು ಎಂದು ಸೂಚಿಸಲು ಕೈಯನ್ನು ಮೇಲಕ್ಕೆ ಬೀಸಿದರು. ಹೊನ್ನೂರುಸ್ವಾಮಿಗೆ ಅದು ಎಲ್ಲ ಮೇಲಿನವನ ಕೈಯಲ್ಲಿದೆ ಎಂದು ಕಂಡಿತು. ಅವನು ಪಕ್ಕದ ಚರಂಡಿಗೆ ಹೋಗಿ, ಬಾಯಲ್ಲಿದ್ದುದನ್ನೆಲ್ಲ ಉಗುಳಿ, ಬಹಳ ಹೊತ್ತು ಅಲ್ಲೇ ನಿಂತ.

ರಾಯರ ಬಸ್ಸು ಹೊಸಪೇಟೆ ಮುಟ್ಟುವ ಮೊದಲೇ ಸುದ್ದಿ ಓಣಿ ಮುಟ್ಟಿತ್ತು. ಆಟೋ ಇಳಿಯುವಾಗ ಕಟ್ಟೆಯ ತುಂಬ ಜನ. ಎಲ್ಲರ ಮುಂದೆ ಮನೆಮನೆಗೆ ಹೂ ಕೊಡುವ ಎರ್ರೆಮ್ಮ. ಆಕೆಯ ಬುಟ್ಟಿಯಲ್ಲಿ ಹೂವಿನಷ್ಟೇ ಸುದ್ದಿಯೂ ಇರುತ್ತಿತ್ತು, ಸುದ್ದಿ ಮಾತ್ರ ಬಾಡುತ್ತಿರಲಿಲ್ಲ. ರಾಯರು ಯಾರ ಮುಖವನ್ನೂ ನೋಡದೆ ಒಳಗೆ ಹೋದರು. ಹೆಂಗಸರೆಲ್ಲ ಶ್ರೀಲಕ್ಷ್ಮೀಯವರನ್ನು ಸುತ್ತುವರಿದರು.

"ಏನಂದ್ರಕ್ಕಾ ಡಾಕ್ಟ್ರು?" ಎಂದಳು ಎರ್ರೆಮ್ಮ.

ಶ್ರೀಲಕ್ಷ್ಮೀಯವರು ನಿಯಮ ನೆನೆದು ಎಚ್ಚರದಿಂದ ಹೇಳಿದರು: "ಬಾಯಾಗ ಒಂದು ಬ್ಯಾಡಾದದ್ದು ಬೆಳೆದಿತ್ತು. ತೆಗಿಸಿಕೊಂಡು ಬಂದ್ವಿ."

"ಬೇರು ಆಳಕ್ಕ ಇಳದಿತ್ತೇನು?"

"ಹೂಂ, ಬೇರು ಆಳಕ್ಕ ಅದ ಅಂದ್ರು. ತುಂಡುತುಂಡು ಮಾಡಿ ತೆಗೀಬೇಕಾತು."

"ಪೂರಾ ಹೋತೇನವ್ವ?"

"ಎಡಗಡಿದು ಪೂರಾ ಹೋತು. ಬಲಗಡಿಗೂ ಒಂದು ಅದ ಅಂತ. ಅದನ್ನ ಮುಂದ ನೋಡೋಣ ಅಂದಾರ."

ಒಂದೊಂದೂ ಅಪ್ಪಟ ಸತ್ಯ. ಒಂದೊಂದು ಸತ್ಯಕ್ಕೂ ಎರ್ರೆಮ್ಮ ಸೆರಗನ್ನು ಕಣ್ಣಿಗೊತ್ತಿದಳು. ಬಾಯಲ್ಲಿ ಹೂವಿನ ನಾರು ಕಚ್ಚಿಕೊಂಡೇ ಆಕೆ ನಡೆದದ್ದನ್ನೆಲ್ಲ ಜೋಡಿಸಿಬಿಟ್ಟಳು. "ಎರಡ್ ತಿಂಗಳಿಂದ ದವಡ್ಯಾಗ ಏನೋ ಇಟಗೊಂಡಿರ್ತಿದ್ರು. ಆಫೀಸಿಗೆ ಹೋಗೋ ದಾರ್ಯಾಗ ಪೊಟ್ಟಣ ಹರಿಯಾದು ನಾನ ಕಣ್ಣಾರೆ ನೋಡೀನಿ. ಪಾಪ, ಊರಿಗೆಲ್ಲಾ ಬ್ಯಾಡ ಬ್ಯಾಡ ಅನಕೋತ ತಾವು ಗುಟ್ಟಿಲೆ ಗುಟ್ಕಾ ತಿಂದಾರ."

ಮೂರನೆಯ ದಿನಕ್ಕೆ ಬಾವು ತನ್ನ ಪೂರ್ಣ ವೈಭವಕ್ಕೆ ಬಂತು. ರಾಯರ ಮುಖದ ಬಲಭಾಗ ಮಾತ್ರ ಅವರದಾಗಿ ಉಳಿದಿತ್ತು. ಎಡಭಾಗ ಯಾರೋ ದಪ್ಪ ಮನುಷ್ಯರಿಂದ ತಂದು ಅಂಟಿಸಿದಂತಿತ್ತು, ಅದರ ಮೇಲೆ ಹಳದಿ ನೀಲಿ ಬಣ್ಣ ಬೇರೆ. ಜನ ಎಳನೀರು, ಹಾಲು, ಬಾಳೆಹಣ್ಣು ಹಿಡಿದು ಬಂದರು. ಬಂದವರು ಒಂದು ನಿಮಿಷ ಕೆನ್ನೆ ನೋಡುವರು, ಒಂದು ನಿಮಿಷ ಸೂರು ನೋಡುವರು. ಆಮೇಲೆ ಶ್ರೀಲಕ್ಷ್ಮೀಯವರ ಕಡೆ ತಿರುಗಿ, "ಭಾಳ ಒಳ್ಳೇ ಮನುಷ್ಯಾ ಇದ್ರು" ಎನ್ನುವರು. ಹಾಸಿಗೆಯ ಮೇಲೆ ಕೂತು ತಣ್ಣನೆಯ ಗಂಜಿ ಕುಡಿಯುತ್ತಿದ್ದ ರಾಯರಿಗೆ ಆ 'ಇದ್ರು' ಎಂಬುದು ಹೊಲಿಗೆಗಿಂತ ಹೆಚ್ಚು ಚುಚ್ಚುತ್ತಿತ್ತು.

ಅತ್ತ ಓಣಿಯಲ್ಲಿ ಇನ್ನೊಂದು ಆಶ್ಚರ್ಯ ನಡೆದಿತ್ತು. ಗಂಡಸರು ಗುಟ್ಕಾ ಬಿಟ್ಟಿದ್ದರು. ಅವರ ಲೆಕ್ಕಾಚಾರ ಸರಳ. ದಿನಾ ಬೇವಿನ ಕಡ್ಡಿಯಿಂದ ತಾಸುಗಟ್ಟಲೆ ತಿಕ್ಕಿದ ಬಾಯಿಗೇ ಎರಡು ತಿಂಗಳಲ್ಲಿ ಹೀಗಾದರೆ, ವರ್ಷಗಳಿಂದ ತಿನ್ನುತ್ತಿರುವ ತಮ್ಮ ಬಾಯಿಗಳ ಗತಿಯೇನು? ಗೌಂಡಿ ಕೆಲಸದವರು ಬಿಟ್ಟರು, ಆಟೋದವರು ಬಿಟ್ಟರು. ಹೊನ್ನೂರುಸ್ವಾಮಿಯಂತೂ ಬಳ್ಳಾರಿಯ ಚರಂಡಿಗೆ ಉಗುಳಿದ ಮೇಲೆ ಮತ್ತೆ ಬಾಯಿಗೆ ಹಾಕಿರಲಿಲ್ಲ.

ಶನಿವಾರ ಮಧ್ಯಾಹ್ನ ಮೂಲೆಯ ಗೂಡಂಗಡಿಯ ಪಾಲಪ್ಪ ಬಂದ. ಕೈ ಕಟ್ಟಿಕೊಂಡು ಬಾಗಿಲಲ್ಲೇ ನಿಂತ.

"ರಾಯರ, ಅಂಗಡ್ಯಾಗ ಗುಟ್ಕಾ ಮಾಲಿ ಹಂಗ ಜೋತಾಡಾಕತ್ತಾವು. ಒಬ್ಬನೂ ಹರಕಳ್ಳಾಕ ಒಲ್ಲ. ನಿಮಗ ಕೆಟ್ಟದ್ದಾಗ್ಲಿ ಅಂತ ಅಲ್ರಿ ಮತ್ತ. ಗುಣ ಆದ್ರ ಮಸ್ತ್ ಆತು. ಇಲ್ಲಾಂದ್ರ ದೇವರಿಚ್ಛೆ. ಯಾವುದರ ಒಂದು ಜಲ್ದಿ ಆದ್ರ ನನಗ ಅನುಕೂಲ ನೋಡ್ರಿ."

ರಾಯರು ಎರಡು ಬಾಳೆಹಣ್ಣು ಕೊಟ್ಟು ಕಳಿಸಿದರು. ಬೇರೇನು ಮಾಡಬೇಕೆಂದು ಅವರಿಗೂ ತೋಚಲಿಲ್ಲ.

ಅಂದೇ ಸಂಜೆ ಕಂಪ್ಲಿಯಿಂದ ಭಾವಮೈದುನ ವಾಸುದೇವ ಬಂದಿಳಿದ. ಅಕ್ಕನ ಸಂಸಾರ ಮುಳುಗಿತೆಂದು ದಾರಿಯುದ್ದಕ್ಕೂ ಅತ್ತು ಕಣ್ಣು ಕೆಂಪಗಾಗಿತ್ತು. ಆದರೆ ಭಾವನನ್ನು ನೋಡುತ್ತಲೇ ದುಃಖ ಸಿಟ್ಟಾಯಿತು.

"ಅಲ್ರೀ ಭಾವ, ಏಕಾದಶಿ ದಿನ ನೀರು ಸೈತ ಕುಡಿಯದ ಬಾಯಿ. ಅದರಾಗ ಗುಟ್ಕಾ ಹ್ಯಾಂಗ ಹಾಕ್ಕೊಂಡ್ರಿ?"

ಇದನ್ನು ಮಾತ್ರ ರಾಯರಿಗೆ ತಾಳಲಾಗಲಿಲ್ಲ. ಸತ್ತರೂ ಚಿಂತೆಯಿಲ್ಲ, ಗುಟ್ಕಾ ತಿಂದು ಸತ್ತರು ಅನ್ನಿಸಿಕೊಳ್ಳಬಾರದು. ಗುಟ್ಟು ಹಾಳಾಗಿ ಹೋಗಲಿ ಎಂದು ನಿರ್ಧರಿಸಿ ಅವರು ಬಾಯಿ ತೆರೆದರು. ಆದರೆ ದವಡೆ ಬಿಗಿದು, ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ.

"ಅಲ್ಲು" ಎಂದರು. ಹಲ್ಲು ಎನ್ನಲು ಹೊರಟದ್ದು ಅಷ್ಟೇ ಆಗಿ ಬಂತು.

"ಅಲ್ಲ ಅಂದ್ರ ಹ್ಯಾಂಗ್ರಿ? ಊರೆಲ್ಲಾ ನೋಡ್ಯಾರ."

"ಅಲ್ಲುಪಾ, ಅಲ್ಲು."

"ಈಗೂ ಅಲ್ಲ ಅಂತಾರ ನೋಡಕ್ಕಾ" ಎಂದು ವಾಸುದೇವ ಅಡುಗೆಮನೆಗೆ ಹೋದ. ಶ್ರೀಲಕ್ಷ್ಮೀಯವರು ಮೊದಲ ನಿಯಮ ಮುರಿದು, ತೆಗೆಸಿದ್ದು ಬುದ್ಧಿಹಲ್ಲು ಎಂದು ತಮ್ಮನಿಗೆ ಹೇಳಿಬಿಟ್ಟರು. ಅವನು ಅಕ್ಕನ ತಲೆ ಸವರಿ, "ನನ್ನ ಮುಂದರ ಮುಚ್ಚಿಡಬ್ಯಾಡ ಅಕ್ಕಾ, ಧೈರ್ಯ ತಗೋ" ಎಂದು ಮತ್ತೆ ಅತ್ತ. ಸತ್ಯಕ್ಕೂ ಒಂದು ಹೊತ್ತು ಗೊತ್ತು ಇರುತ್ತದೆ. ಅದು ಮೀರಿದರೆ ಆಮೇಲೆ ಬಂದದ್ದು ಸುಳ್ಳಿನ ಸಾಲಿಗೇ ಸೇರುತ್ತದೆ.

ಸೋಮವಾರಕ್ಕೆ ಬಾವು ಇಳಿಯತೊಡಗಿತು. ಮಾತೂ ತಕ್ಕಮಟ್ಟಿಗೆ ತಿಳಿಯುವಂತಾಯಿತು. ಓಣಿಗೆಲ್ಲ ಸತ್ಯ ಸಾರಿಬಿಡಬೇಕು ಎಂದು ರಾಯರು ಅಂಗಿ ತೊಟ್ಟು ಕಟ್ಟೆಗೆ ಬಂದಾಗ ಮೊದಲು ಸಿಕ್ಕವಳು ಹಾಲಿನ ಚೊಂಬು ಹಿಡಿದಿದ್ದ ಹುಲುಗಮ್ಮ, ಹೊನ್ನೂರುಸ್ವಾಮಿಯ ಹೆಂಡತಿ. ಶುರುಮಾಡುವುದಾದರೆ ಇವಳಿಂದಲೇ ಆಗಲಿ ಎಂದು ರಾಯರು ಎಲ್ಲವನ್ನೂ ಹೇಳಿದರು. ಲವಂಗ, ಪೊಟ್ಟಣ, ಬೋರ್ಡು, ಬುದ್ಧಿಹಲ್ಲು. ತೆಗೆದ ತುಂಡುಗಳನ್ನು ಡಾಕ್ಟರು ಕಟ್ಟಿಕೊಟ್ಟಿದ್ದರು, ಅದನ್ನೂ ತಂದು ಬಿಚ್ಚಿ ತೋರಿಸಿದರು.

ಹುಲುಗಮ್ಮ ನಗಲಿಲ್ಲ. ಕಟ್ಟೆಯ ತುದಿಗೆ ಕೂತುಬಿಟ್ಟಳು.

"ಇದನ್ನ ಮತ್ಯಾರಿಗೆ ಹೇಳೀರಿ ರಾಯರ?"

"ಓಣ್ಯಾಗ ನೀನೇ ಮೊದಲು."

"ಹಂಗಾದ್ರ ನಾನ ಕಡೀಗೂ ಆಗ್ಲಿ. ಗುರುವಾರದ ತನಕ ಯಾರಿಗೂ ಹೇಳಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ." ಆಮೇಲೆ ದನಿ ತಗ್ಗಿಸಿ ಹೇಳಿದಳು. "ನಮ್ಮ ಮನೇರ ದವಡ್ಯಾಗ ಬೆಳ್ಳಗೊಂದು ಪಟ್ಟಿ ಎದ್ದೈತ್ರಿ, ಸುಣ್ಣ ಹಚ್ಚಿದಂಗ. ವರ್ಷಾತು. ದವಾಖಾನಿಗೆ ನಡೀರಿ ಅಂದ್ರ ತಾಟು ಒಗದು ಎದ್ದು ಹೋಗ್ತಿದ್ರು. ಈಗ ನಿಮ್ಮನ್ನ ನೋಡಿ ಅವರಾಗೇ ಗುರುವಾರ ಹೋಗೋಣಂತ ಬಾಯಿಬಿಟ್ಟು ಅಂದಾರ. ನಿಮಗ ಬರೇ ಹಲ್ಲು ಅಂತ ಗೊತ್ತಾದ್ರ ಆ ಮನುಷ್ಯಾ ಹೋಗಂಗಿಲ್ಲ. ಮೂರ್ ದಿನ ಆ ಬಾವು ಇಳಿಸ್ಕಾಬ್ಯಾಡ್ರಿ."

ಬಾವು ಇಳಿಯದಿರಲಿ ಎಂದು ಬೇಡಿಕೊಂಡ ಹೆಣ್ಣುಮಗಳನ್ನು ರಾಯರು ಅದೇ ಮೊದಲು ನೋಡಿದ್ದು. ಒಳಗೆ ಬಂದು ಹೆಂಡತಿಗೆ ಹೇಳಿದರು. ಗುಟ್ಕಾ ತಿಂದವರೆಂಬ ಹೆಸರು ಇನ್ನೂ ಮೂರು ದಿನ ಹೊರಬೇಕು ಎಂದರು. ಶ್ರೀಲಕ್ಷ್ಮೀಯವರು ಎದ್ದು ಹೋಗಿ ಹತ್ತಿಯ ಕಟ್ಟು ತಂದುಕೊಟ್ಟರು. "ಇದು ನನ್ನ ಬಾಯಿಲೆ ಹೇಳೋ ಸುಳ್ಳಲ್ಲ. ನಿಮ್ಮ ಬಾಯಾಗ ಇಟಗೊಳ್ಳೋದು" ಎಂದರು.

ಮಂಗಳವಾರ ಬೆಳಿಗ್ಗೆ ರಾಯರು ಹತ್ತಿಯ ಉಂಡೆ ಕಟ್ಟಿ ಎಡಗೆನ್ನೆಯಲ್ಲಿಟ್ಟರು. ಹೊಲಿಗೆಗೆ ತಾಗಿ ಕಣ್ಣಲ್ಲಿ ನೀರು ಬಂತು. ಯಾವ ಕೆನ್ನೆಯಾದರೇನು, ಯಾರು ನೆನಪಿಟ್ಟಿರುತ್ತಾರೆ ಎಂದುಕೊಂಡು ಬಲಕ್ಕೆ ಬದಲಿಸಿ ಕಟ್ಟೆಯ ಮೇಲೆ ಕೂತರು.

ಎರ್ರೆಮ್ಮ ಹೂವಿನ ಬುಟ್ಟಿ ಹೊತ್ತು ಬಂದಳು. ದಾಟಿ ಹೋದವಳು ನಿಂತಳು, ಹಿಂದಕ್ಕೆ ಬಂದಳು. ಬುಟ್ಟಿ ಕೆಳಗಿಟ್ಟಳು.

"ನಿನ್ನಿ ಎಡಕ್ಕಿತ್ತು."

ರಾಯರು ಶಲ್ಯವನ್ನು ಕೆನ್ನೆಯ ಮೇಲೆ ಎಳೆದುಕೊಂಡರು.

"ಆ ಕಡೀಗೂ ಹಬ್ಬಿ ಬಿಡ್ತಲ್ರೆಪ್ಪಾ" ಎಂದು ಆಕೆ ಎದೆ ಹಿಡಿದುಕೊಂಡು ಹೊರಟಳು. ಬಲಕ್ಕೂ ಒಂದಿದೆ ಎಂದು ಶ್ರೀಲಕ್ಷ್ಮೀಯವರೇ ಹೇಳಿದ್ದರಲ್ಲ. ಮಧ್ಯಾಹ್ನದ ಹೊತ್ತಿಗೆ ಬೀಡಿ ಸೇದುತ್ತಿದ್ದವರೂ ಬೀಡಿ ಬಿಟ್ಟಿದ್ದರು. ರಾಯರ ಕಚೇರಿಯ ಸಾಹೇಬರು ಫೋನ್ ಮಾಡಿ, ಕೇಳದೆಯೇ ತಿಂಗಳ ರಜೆ ಕೊಟ್ಟು, "ಕಾಲುವೆ ಫೈಲು ಯಾವ ಕಪಾಟಿನಾಗ ಇಟ್ಟೀರಿ ಅನ್ನೋದಷ್ಟು ಹೇಳಿಬಿಡ್ರಿ, ಆಮ್ಯಾಲ ನಮಗ ತೊಂದ್ರಿ ಆಗಬಾರದು" ಎಂದು ಕೇಳಿಕೊಂಡರು.

ಬುಧವಾರ ಆರೋಗ್ಯ ಇಲಾಖೆಯ ಮೌನೇಶ್ ಬಂದ. ಒಂದು ಓಣಿಗೆ ಓಣಿಯೇ ಗುಟ್ಕಾ ಬಿಟ್ಟ ಸುದ್ದಿ ಅವನ ಸಾಹೇಬರ ತನಕ ಹೋಗಿತ್ತಂತೆ. ಸಂಜೆ ಹನುಮಪ್ಪನ ಗುಡಿಯ ಮುಂದೆ ಜಾಗೃತಿ ಸಭೆ ಇಟ್ಟಿದ್ದೇವೆ, ರಾಯರು ಬಂದು ಕೂರಬೇಕು ಎಂದ. ಹೆಸರು ಮೌನೇಶನಾದರೂ ಅವನಿಗೆ ಮಾತಾಡಲು ಸಭೆಯೊಂದು ಸಿಕ್ಕರೆ ಸಾಕಾಗಿತ್ತು.

"ನೀವು ಮಾತಾಡಾದು ಬ್ಯಾಡ್ರಿ. ಸುಮ್ನ ಕುಂದ್ರಿ. ನಿಮ್ಮ ಮುಖಾನೇ ಮಾತಾಡ್ತೈತಿ."

ಇದೊಂದು ಸಂಜೆ ಕಳೆದರೆ ನಾಳೆ ಗುರುವಾರ ಎಂದು ಹುಲುಗಮ್ಮ ಬಾಗಿಲ ಸಂದಿಯಿಂದ ಕೈ ಮುಗಿದಳು. ರಾಯರು ಒಪ್ಪಿದರು. ಹೊಸ ಹತ್ತಿ ಇಟ್ಟುಕೊಂಡು, ಹೆಂಡತಿಯೊಡನೆ ಹೋಗಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತರು. ಓಣಿಯೆಲ್ಲ ಸೇರಿತ್ತು. ಮುಂದಿನ ಸಾಲಿನಲ್ಲಿ ಹೊನ್ನೂರುಸ್ವಾಮಿ ತಲೆ ತಗ್ಗಿಸಿ ಕೂತಿದ್ದ.

ಮೌನೇಶನ ಭಾಷಣ ಏರುತ್ತ ಹೋಯಿತು. ಈ ಮುಖ ನೋಡ್ರಿ ಎಂದ. ಈ ಮುಖದಾಗ ನಿಮ್ಮ ಮುಖ ಕಾಣ್ರಿ ಎಂದ. ಹೆಂಗಸರು ಮೂಗು ಒರೆಸಿಕೊಳ್ಳುವುದು ಕೇಳಿಸುತ್ತಲೇ ಅವನಿಗೆ ಇನ್ನೂ ಹುರುಪು ಬಂದು, ಮೊಬೈಲಿನ ಟಾರ್ಚ್ ಹಚ್ಚಿಕೊಂಡು ರಾಯರ ಹತ್ತಿರ ಬಂದ.

"ರಾಯರ, ಒಂದ್ಸಲ ಬಾಯಿ ತೆಗೀರಿ. ಜನ ನೋಡ್ಲಿ. ಇದು ನಿಮ್ಮ ಸೇವಾ."

ರಾಯರು ತಲೆಯಾಡಿಸಿದರು. ಅವನು ಪ್ರೀತಿಯಿಂದ ಗದ್ದ ಹಿಡಿದ. ರಾಯರು ಹಿಂದಕ್ಕೆ ಸರಿದರು. ಕುರ್ಚಿಯ ಒಂದು ಕಾಲು ಬಂಡೆಯ ಸಂದಿಗೆ ಇಳಿಯಿತು, "ಅಯ್ಯೋ" ಎಂದರು, ಆ ಅಯ್ಯೋದ ಜೊತೆಗೆ ಹತ್ತಿಯ ಉಂಡೆ ಹೊರಬಿದ್ದು ಟಾರ್ಚಿನ ಬೆಳಕಲ್ಲಿ ಎಲ್ಲರಿಗೂ ಕಾಣುವಂತೆ ಉರುಳಿ ಹೋಗಿ, ಹೊನ್ನೂರುಸ್ವಾಮಿಯ ಕಾಲ ಬಳಿ ನಿಂತಿತು.

ಮೌನೇಶ್ ರಾಯರ ಬಾಯೊಳಗೆ ಟಾರ್ಚ್ ಬಿಟ್ಟು ನೋಡಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಮೈಕು ಕೈಯಲ್ಲಿರುವುದು ಮರೆತು, "ಇಲ್ಲೇನೂ ಇಲ್ಲಲ್ಲ. ಒಂದು ಹಲ್ಲಿಲ್ಲ, ಅಷ್ಟ" ಎಂದ. ಅದು ಗುಡಿಯ ಎರಡು ಸ್ಪೀಕರುಗಳಿಂದ ಇಡೀ ಚಪ್ಪರದಹಳ್ಳಿಗೆ ಕೇಳಿಸಿತು.

ರಾಯರು ಎದ್ದು ನಿಂತು ಮೈಕು ಇಸಿದುಕೊಂಡರು. "ಖರೇ ಅದ. ನನಗ ಯಾವ ರೋಗಾನೂ ಇಲ್ಲ. ಹಲ್ಲು ಕೀಳಿಸಿದೆ. ಹೇಳಲಿಕ್ಕೆ ನಾಚಿಕಿ ಬಂತು. ಗುಟ್ಕಾ ನಾ ಮುಟ್ಟಿಲ್ಲ. ನಿಮ್ಮನ್ನೆಲ್ಲ ಅಳಿಸಿದೆ, ತಪ್ಪಾತು."

ಎರ್ರೆಮ್ಮ ಎಲ್ಲರಿಗಿಂತ ಮೊದಲು ಚೇತರಿಸಿಕೊಂಡಳು. "ಅಂದ್ರ ನೀವು ಸಾಯಂಗಿಲ್ಲೇನ್ರಿ?"

"ಸದ್ಯಕ್ಕ ಇಲ್ಲವ್ವ."

"ನಿಮ್ಮ ಹೊಟ್ಟಿ ತಣ್ಣಗಿರ್ಲಿ" ಎಂದು ಆಕೆ ಬುಟ್ಟಿಯಲ್ಲಿದ್ದ ಮಾರದ ಹೂವನ್ನೆಲ್ಲ ಶ್ರೀಲಕ್ಷ್ಮೀಯವರ ಮಡಿಲಿಗೆ ಸುರಿದಳು. ಜನ ನಗಲು ಶುರುಮಾಡಿದರು. ವಾರವಿಡೀ ಅತ್ತ ಜನ ನಕ್ಕರೆ ಬೇಗ ನಿಲ್ಲುವುದಿಲ್ಲ. ಪಾಲಪ್ಪ ಮಾತ್ರ ನಗುತ್ತ ಕೂರಲಿಲ್ಲ, ಅಂಗಡಿ ತೆರೆಯಲು ಓಡಿದ.

ಹೊನ್ನೂರುಸ್ವಾಮಿ ಎದ್ದ. ರಾಯರ ಕಡೆ ನೋಡದೆ ಜನರ ನಡುವೆ ದಾರಿ ಮಾಡಿಕೊಂಡು, ಪಾಲಪ್ಪ ಹೋದ ದಿಕ್ಕಿಗೇ ಹೋದ. ಹುಲುಗಮ್ಮ ಕೂತಲ್ಲೇ ಕೂತಿದ್ದಳು.

ಮರುದಿನ ಬೆಳಿಗ್ಗೆ ರಾಯರು ಬೇವಿನ ಕಡ್ಡಿ ಮುರಿಯಲಿಲ್ಲ. ನೇರ ಎದುರು ಮನೆಗೆ ಹೋದರು. ಹೊನ್ನೂರುಸ್ವಾಮಿ ನಿಲ್ಲಿಸಿದ್ದ ಟಿಪ್ಪರಿನ ನೆರಳಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಕೈಯಲ್ಲಿ ಪೊಟ್ಟಣ. ಹರಿದಿರಲಿಲ್ಲ.

"ಸಿಟ್ಟು ಬಂದದೇನು?" ಎಂದರು ರಾಯರು.

"ಬರದ ಏನ್ರಿ? ಮನಿಶಾ ಹೋಗೇ ಬಿಟ್ನಲ್ಲ ಅಂತ ಲೋಡ್ ಗಾಡಿ ಸೈಡಿಗೆ ಹಾಕಿ ಅತ್ತೀನಿ. ಹಿಂದಿಂದ ಹಾರನ್ ಹೊಡೆದು ಬೈಯಾಕತ್ತಿದ್ರು, ನಾ ಅಳಾಕತ್ತಿದ್ದೆ. ನೀವು ನೋಡಿದ್ರ ಹತ್ತಿ ಇಟಗೊಂಡು ಕುಂತೀರಿ."

ರಾಯರು ಪಂಚೆ ಎತ್ತಿ ಕಟ್ಟಿ ಅವನ ಪಕ್ಕದಲ್ಲೇ ನೆಲಕ್ಕೆ ಕೂತರು. ಓಣಿಯಲ್ಲಿ ನೆಲಕ್ಕೆ ಕೂತ ರಾಯರನ್ನು ಯಾರೂ ನೋಡಿರಲಿಲ್ಲ.

"ಹತ್ತಿ ಯಾಕ ಇಟ್ಟೆ ಅಂತ ಹುಲುಗಮ್ಮನ ಕೇಳು. ನಾ ಅದನ್ನ ಹೇಳಲಿಕ್ಕೆ ಬಂದಿಲ್ಲ. ನೀ ಇವತ್ತು ಬಳ್ಳಾರಿಗೆ ಹೊಂಟಿದ್ಯಲ್ಲ."

"ನಿಮಗ ಏನಿಲ್ಲ ಅಂದ ಮ್ಯಾಲ ನನಗ್ಯಾಕ್ರಿ?"

"ನನ್ನ ಬಾಯಿ ಬ್ಯಾರೆ, ನಿನ್ನ ಬಾಯಿ ಬ್ಯಾರೆ. ನೋಡು ಹೊನ್ನೂರಪ್ಪ, ಎರಡು ತಿಂಗಳು ನಾನೂ ಲವಂಗ ಇಟಗೊಂಡು ಕೂತೆ. ನಾಚಿಕಿ ಅಂತ ಎಲ್ಲಾರ ಮುಂದ ಅಂದೆ. ನಾಚಿಕಿ ಒಂದಾಣೆ. ಉಳಿದದ್ದೆಲ್ಲಾ ಹೆದರಿಕಿ."

ಹೊನ್ನೂರುಸ್ವಾಮಿ ತಿರುಗಿ ನೋಡಿದ. "ನಿಮಗ ಹೆದರಿಕಿ?"

"ಸೂಜಿ ನೋಡಿದ ಕೂಡಲೆ ಆ ಡಾಕ್ಟರ ಕೈ ಗಟ್ಟಿ ಹಿಡಕೊಂಡೆ. ಆಕಿ ಬಿಡ್ರಿ ಸರ್ ಬಿಡ್ರಿ ಅಂತಾಳ, ನಾ ಬಿಡವಲ್ಲೆ. ಕಡೀಗೆ ನಮ್ಮ ಮನಿಯಾಕಿ ಒಳಗ ಬಂದು ಬೆರಳು ಒಂದೊಂದೇ ಬಿಡಿಸಿದ್ಲು. ಆಮ್ಯಾಲೂ ರಾಘವೇಂದ್ರ ಸ್ವಾಮಿಗಳ ಸ್ತೋತ್ರ ಹೇಳಲಿಕ್ಕೆ ಹೋದೆ, ನಾಲಿಗೆ ಜೋಮು ಹಿಡಿದು ಬರೇ ಬೊಬ್ಬೊಬ್ಬೊ ಅಂತ ಬಂತು. ಆಕಿ ಹೆದರಿ ಕಂಪೌಂಡರನ್ನ ಕರದ್ಲು."

ಹೊನ್ನೂರುಸ್ವಾಮಿಗೆ ನಗು ಬಂತು. ಭುಜ ಕುಲುಕಿ, ಕಣ್ಣಲ್ಲಿ ನೀರು ಬರುವಂತೆ ನಕ್ಕ. ರಾಯರೂ ನಕ್ಕರು. ನಗುತ್ತ ಅವನ ಮುಖ ನೋಡಿದವರು ತಟ್ಟನೆ ನಿಲ್ಲಿಸಿದರು. ಇಷ್ಟು ದೊಡ್ಡ ನಗುವಿಗೂ ಅವನ ಬಾಯಿ ತೆರೆದದ್ದು ಒಂದು ಬೆರಳ ಸಂದಿಯಷ್ಟು. ಹೊಲಿಗೆ ಹಾಕಿದ ತಮ್ಮ ಬಾಯಿಯೇ ಅದಕ್ಕಿಂತ ಹೆಚ್ಚು ತೆರೆಯುತ್ತಿತ್ತು. ಇಷ್ಟು ವರ್ಷ ಅವನ ಹಲ್ಲಿನ ಬಗ್ಗೆ ಭಾಷಣ ಮಾಡಿದ್ದರು, ಬಾಯನ್ನು ಒಮ್ಮೆಯೂ ನೋಡಿರಲಿಲ್ಲ.

"ಏಳು" ಎಂದರು. "ನನಗೂ ಇವತ್ತು ಹೊಲಿಗಿ ಬಿಚ್ಚೋದದ. ಒಬ್ಬನೇ ಹೋಗಲಿಕ್ಕೆ ನನಗ ಧೈರ್ಯ ಸಾಲದು. ಜೊತಿಗೆ ಬಾ."

ಹೊನ್ನೂರುಸ್ವಾಮಿ ಪೊಟ್ಟಣವನ್ನು ನೋಡಿದ. ಎಸೆಯಲಿಲ್ಲ. ರಾಯರ ಕೈಗೆ ಕೊಟ್ಟು, "ನೀವ ಇಟಗೋರಿ. ಊರೆಲ್ಲಾ ಹೆಂಗೂ ನಿಮ್ಮದಂತ ನಂಬೈತಿ" ಎಂದು ಅಂಗಿ ಹಾಕಿಕೊಳ್ಳಲು ಒಳಗೆ ಹೋದ.

ಬಳ್ಳಾರಿಯ ಮೊದಲ ಮಹಡಿಯಲ್ಲಿ ರಾಯರ ಹೊಲಿಗೆ ಬಿಚ್ಚುವಾಗ ಹೊನ್ನೂರುಸ್ವಾಮಿ ಅವರ ಎರಡೂ ಕೈ ಹಿಡಿದುಕೊಂಡಿದ್ದ. ಡಾಕ್ಟರು ಅವನಿಗೆ ಥ್ಯಾಂಕ್ಸ್ ಹೇಳಿದರು. ಎರಡನೆಯ ಮಹಡಿಯ ಮೆಟ್ಟಿಲ ಮೇಲೆ ಅವನ ಕಾಲುಗಳು ನಿಂತವು. ರಾಯರು ಅವನ ಮುಂದಿನ ಮೆಟ್ಟಿಲ ಮೇಲೆ ಕಾಯುತ್ತ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಅವನು ತಾನಾಗಿಯೇ ಹತ್ತಿದ.

ದೊಡ್ಡ ಡಾಕ್ಟರು ಬಹಳ ಹೊತ್ತು ನೋಡಿದರು, ಒತ್ತಿ ನೋಡಿದರು, ಬೆರಳು ಇಟ್ಟು ಬಾಯಿ ಎಷ್ಟು ತೆರೆಯುತ್ತದೆಂದು ಅಳೆದರು. ಕಡೆಗೆ ಹೇಳಿದರು: "ಇದು ಕ್ಯಾನ್ಸರ್ ಅಲ್ಲ. ಆದರೆ ಅದರ ಬಾಗಿಲಿಗೆ ಬಂದು ನಿಂತಿದ್ದೀರಿ. ಇವತ್ತೇ ತಿನ್ನೋದು ಬಿಟ್ಟರೆ ವಾಪಸ್ ಬರಬಹುದು. ಔಷಧಿ ಕೊಡ್ತೀನಿ, ಬಿಸಿ, ಖಾರ ತಿನ್ನಬಾರದು, ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಇನ್ನೊಂದು ವರ್ಷ ಬಿಟ್ಟು ಬಂದಿದ್ರೆ ನಾನು ಈ ಮಾತು ಹೇಳ್ತಿದ್ದೆನೋ ಇಲ್ಲವೋ."

ಕೆಳಗೆ ಬಂದು ಹೊನ್ನೂರುಸ್ವಾಮಿ ಹೆಂಡತಿಗೆ ಫೋನ್ ಹಚ್ಚಿದ. "ಏನಿಲ್ಲಂತ" ಎಂದ. "ಏನಿಲ್ಲಂತಲೇ" ಎಂದು ಇನ್ನೊಮ್ಮೆ ಹೇಳಿದವನ ದನಿ ಒಡೆಯಿತು. ಫೋನನ್ನು ರಾಯರ ಕೈಗೆ ತುರುಕಿ, ಬೇವಿನ ಮರದ ಕಡೆ ತಿರುಗಿ ನಿಂತ.

"ಹುಲುಗಮ್ಮ, ನಾನು ವೆಂಕೋಬ" ಎಂದರು ರಾಯರು. "ಅವನಿಗೆ ಅಂಥಾದ್ದೇನೂ ಇಲ್ಲ ಅಂದ್ರು ಡಾಕ್ಟ್ರು. ಬಿಟ್ರ ಗುಣ ಆಗ್ತದ."

ಅತ್ತ ಮೂಗು ಒರೆಸಿಕೊಂಡ ಸದ್ದಾಯಿತು. "ಈ ಸಲ ಖರೇ ಹೇಳ್ರಿ ರಾಯರ."

"ಖರೇನೇ ತಾಯಿ. ಡಾಕ್ಟ್ರ ಬಾಯಿಂದ ನಾನೇ ಕೇಳೀನಿ."

ಅತ್ತ ಪಾತ್ರೆ ಎಳೆದುಕೊಂಡ ಸದ್ದಾಯಿತು. ಆಮೇಲೆ ಹುಲುಗಮ್ಮ, "ಜಲ್ದಿ ಬರ್ರಿ ಹಂಗಾದ್ರ. ಅನ್ನ ಮೆತ್ತಗ ಇಡ್ತೀನಿ, ಇಬ್ಬರಿಗೂ" ಎಂದಳು. ಇಬ್ಬರಿಗೂ ಎಂದಮೇಲೆ ಏನೋ ನೆನಪಾದಂತೆ ತಡೆದಳು. ರಾಯರು ಪರರ ಮನೆಯಲ್ಲಿ ಉಣ್ಣುವವರಲ್ಲ, ಅದು ಓಣಿಗೆಲ್ಲ ಗೊತ್ತಿದ್ದ ಸಂಗತಿ.

ರಾಯರು ಒಂದು ವಾರದಿಂದ ಗಂಜಿ ಕುಡಿದಿದ್ದರು. ಬೇವಿನ ಮರಕ್ಕೆ ಹಣೆಯೊತ್ತಿ ನಿಂತಿದ್ದ ಹೊನ್ನೂರುಸ್ವಾಮಿಯ ಬೆನ್ನನ್ನೊಮ್ಮೆ ನೋಡಿದರು.

"ತುಪ್ಪ ನಮ್ಮ ಮನಿಯಿಂದ ತರ್ತೀನಿ" ಎಂದರು. "ಸಾರು ಸ್ವಲ್ಪ ತಣ್ಣಗ ಮಾಡಿ ಇಡವ್ವ. ನಮ್ಮಿಬ್ಬರಿಗೂ ಬಿಸಿ ಆಗೂದಿಲ್ಲ."